ಹತ್ತಿಯ ಪೆಟ್ಟಿಗೆ, ಹಂಡೆಯ ಒಲೆ

1623ರ ಫೆಬ್ರುವರಿಯಲ್ಲಿ ಗುಜರಾತಿನ ಖಂಭಾತಿಗೆ ಬಂದ ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಅಲ್ಲಿನ ಹಕ್ಕಿಗಳ ಆಸ್ಪತ್ರೆಯನ್ನು ನೋಡಲು ಹೋದ. ಪುಟ್ಟ ಮನೆ, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಕೋಳಿ, ಪಾರಿವಾಳ, ನವಿಲು, ಬಾತು. ಕಾಲು ಮುರಿದವು, ಕಾಯಿಲೆ ಬಿದ್ದವು, ಜೋಡಿ ಕಳೆದುಕೊಂಡವು. ಆದರೆ ಅವನ ಕಣ್ಣು ನಿಂತದ್ದು ಒಂದು ಪೆಟ್ಟಿಗೆಯ ಮೇಲೆ. ಅದರೊಳಗೆ ಹತ್ತಿ ಹಾಸಿ ತಬ್ಬಲಿ ಇಲಿಮರಿಗಳನ್ನು ಇಟ್ಟಿದ್ದರು. ಬಿಳಿ ಗಡ್ಡದ ಮುದುಕನೊಬ್ಬ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ಹಕ್ಕಿಯ ಗರಿಯಿಂದ ಅವಕ್ಕೆ ಹಾಲು ಕುಡಿಸುತ್ತಿದ್ದ. ಬೇರೇನನ್ನೂ ತಿನ್ನಲಾರದಷ್ಟು ಎಳೆಯ ಮರಿಗಳು. ದೊಡ್ಡವಾದ ಮೇಲೆ ಅವನ್ನು ಇಷ್ಟ ಬಂದಲ್ಲಿಗೆ ಹೋಗಲು ಬಿಟ್ಟುಬಿಡುವುದಾಗಿ ಮುದುಕ ಹೇಳಿದ.

ಇದನ್ನು ಬರೆದಿಟ್ಟ ದೆಲ್ಲಾ ವಾಲ್ಲೆ ಬೆಕ್ಕಿನ ಹುಚ್ಚಿನವನು ಎಂಬುದು ಸ್ವಾರಸ್ಯ. ಮೂರು ವರ್ಷ ಮೊದಲು, 1620ರಲ್ಲಿ, ಇಸ್ಫಹಾನಿನಿಂದ ಬರೆದ ಪತ್ರದಲ್ಲಿ ಅವನು ಖೊರಾಸಾನಿನ ಉದ್ದ ಕೂದಲಿನ ಬೆಕ್ಕುಗಳನ್ನು ಮನಸಾರೆ ಹೊಗಳಿ, ಆ ತಳಿಯನ್ನು ರೋಮಿಗೆ ಒಯ್ಯುವ ಆಸೆ ತೋಡಿಕೊಂಡಿದ್ದ. ಪರ್ಷಿಯನ್ ಬೆಕ್ಕಿನ ಚರಿತ್ರೆ ಬರೆಯುವವರು ಇಂದಿಗೂ ಆ ಪತ್ರವನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ಕನ್ನಡಿಗರಿಗೆ ಅವನು ಗೊತ್ತಿರುವುದು ಬೇರೆ ಕಾರಣಕ್ಕೆ. ಖಂಭಾತ್ ನೋಡಿದ ಅದೇ ವರ್ಷದ ಕೊನೆಗೆ ಅವನು ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನ ಕಂಡ, ಆಮೇಲೆ ಕರಾವಳಿಗಿಳಿದು ಉಳ್ಳಾಲದ ರಾಣಿಯೊಡನೆ ಮಾತಾಡಿದ. ಇಕ್ಕೇರಿಯ ವರ್ಣನೆಯನ್ನು ನಮ್ಮ ಇತಿಹಾಸಕಾರರು ಮತ್ತೆ ಮತ್ತೆ ಬಳಸಿಕೊಂಡಿದ್ದಾರೆ. ಇಲಿಮರಿಗಳ ಪೆಟ್ಟಿಗೆಯ ಕಡೆ ಅಷ್ಟಾಗಿ ಯಾರೂ ತಿರುಗಿ ನೋಡಿಲ್ಲ.

ನೋಡಬೇಕಿತ್ತು. ಚಳಿಗಾಲದಲ್ಲಿ ತಾಯಿಯಿಲ್ಲದ ಬೆಕ್ಕಿನ ಮರಿ ಸಿಕ್ಕರೆ ಇಂದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಜನ ಮಾಡುವುದು ಹೆಚ್ಚುಕಡಿಮೆ ಆ ಮುದುಕ ಮಾಡಿದ್ದನ್ನೇ: ಒಂದು ಡಬ್ಬ, ಅದರಲ್ಲಿ ಮೆತ್ತನೆಯ ಹಾಸು, ತೊಟ್ಟು ತೊಟ್ಟಾಗಿ ಹಾಲು. ಈ ವಿದ್ಯೆ ಯಾವ ಶಾಸ್ತ್ರದಿಂದಲೂ ಬಂದದ್ದಲ್ಲ. ಧರ್ಮಛತ್ರಗಳಲ್ಲಿ, ಅಡುಗೆಮನೆಗಳಲ್ಲಿ ಕೈಯಿಂದ ಕೈಗೆ ದಾಟಿ ಬಂತು. ವಿಜ್ಞಾನ ಅದನ್ನು ಪರೀಕ್ಷೆಗೆ ಒಡ್ಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಫಲಿತಾಂಶ ಅರ್ಧ ಪಾಸು, ಅರ್ಧ ಫೇಲು.

ಖಂಭಾತಿನ ಆಸ್ಪತ್ರೆ ಒಂಟಿಯಾಗಿರಲಿಲ್ಲ. 1583ರಲ್ಲಿ ಇಂಗ್ಲೆಂಡಿನಿಂದ ಹೊರಟ ವ್ಯಾಪಾರಿ ರಾಲ್ಫ್ ಫಿಚ್ ಅದೇ ಊರಿನ ಜನ ಕುಂಟ ನಾಯಿ, ಬೆಕ್ಕು, ಹಕ್ಕಿಗಳಿಗೆ ಆಸ್ಪತ್ರೆ ಇಟ್ಟಿರುವುದನ್ನು, ಇರುವೆಗೂ ಆಹಾರ ಹಾಕುವುದನ್ನು ಬರೆದಿದ್ದಾನೆ. ಒಂದು ಶತಮಾನದ ನಂತರ ಸೂರತ್‌ನಲ್ಲಿದ್ದ ಪಾದ್ರಿ ಜಾನ್ ಓವಿಂಗ್ಟನ್ ಹೇಳುವ ಸಂಗತಿ ಇನ್ನೂ ವಿಚಿತ್ರ. ಅಲ್ಲಿ ತಿಗಣೆ ಚಿಗಟಗಳಿಗೂ ಆಶ್ರಯವಿತ್ತಂತೆ. ಅವು ಉಪವಾಸ ಬೀಳಬಾರದೆಂದು ಬಡವನೊಬ್ಬನಿಗೆ ಕೂಲಿ ಕೊಟ್ಟು ರಾತ್ರಿ ಅಲ್ಲಿ ಮಲಗಿಸುತ್ತಿದ್ದರಂತೆ. ಯುರೋಪಿನವರು ಇಂಥದ್ದನ್ನು ನಗಲೆಂದೇ ಬರೆದರು. ಜೈನರ, ಬನಿಯಾಗಳ ದಾನದಿಂದ ನಡೆದ ಈ ಮನೆಗಳೇ ಮುಂದೆ ಪಾಂಜರಾಪೋಳಗಳಾಗಿ ಉಳಿದವು. ಮುಂಬಯಿಯ ಪಾಂಜರಾಪೋಳ 1834ರದ್ದು. ಬೀದಿನಾಯಿಗಳನ್ನು ಕೊಲ್ಲಲು ಸರ್ಕಾರ ಹೊರಟಾಗ 1832ರಲ್ಲಿ ನಡೆದ ಗಲಭೆಯ ಬಿಸಿ ಆರುವ ಮೊದಲೇ, ಜಮ್‌ಶೇಟ್‌ಜಿ ಜೀಜೀಭಾಯ್ ಮುಂತಾದ ಶೇಟುಗಳು ಕಟ್ಟಿದ್ದು.

ಕೈರೋದಲ್ಲಿ ಇನ್ನೊಂದು ಬಗೆ. ಹದಿಮೂರನೆಯ ಶತಮಾನದ ಸುಲ್ತಾನ ಬೈಬರ್ಸ್ ತನ್ನ ಮಸೀದಿಯ ಬಳಿಯ ತೋಟವೊಂದರ ಉತ್ಪನ್ನವನ್ನು ದಿಕ್ಕಿಲ್ಲದ ಬೆಕ್ಕುಗಳಿಗೆಂದು ಬಿಟ್ಟುಹೋಗಿದ್ದ. ತೋಟ ಕೈಬದಲಾಯಿಸಿ ಹೋದರೂ ಉಂಬಳಿ ನಿಲ್ಲಲಿಲ್ಲ. 1830ರ ದಶಕದಲ್ಲಿ ಅಲ್ಲಿದ್ದ ಎಡ್ವರ್ಡ್ ಲೇನ್, ಖಾಜಿಯ ನ್ಯಾಯಾಲಯದ ಅಂಗಳದಲ್ಲಿ ಪ್ರತಿದಿನ ಸಂಜೆಯ ಹೊತ್ತಿಗೆ ಬೆಕ್ಕುಗಳಿಗೆ ಊಟ ಹಾಕುತ್ತಿದ್ದುದನ್ನು ದಾಖಲಿಸಿದ. ಆದರೆ ಅದು ಅನ್ನದಾನ, ಶುಶ್ರೂಷೆಯಲ್ಲ. ಹತ್ತಿಯ ಪೆಟ್ಟಿಗೆಗೆ ಬೇಕಾಗುವ ವ್ಯವಧಾನವೇ ಬೇರೆ.

ಹಾಗಾದರೆ ವೈದ್ಯರು ಎಲ್ಲಿದ್ದರು? ಆನೆಯ ಹತ್ತಿರ, ಕುದುರೆಯ ಹತ್ತಿರ, ಹಸುವಿನ ಹತ್ತಿರ. ಪಾಲಕಾಪ್ಯನ ಹೆಸರಿನಲ್ಲಿ ಹಸ್ತ್ಯಾಯುರ್ವೇದ, ಶಾಲಿಹೋತ್ರನ ಹೆಸರಿನಲ್ಲಿ ಅಶ್ವಶಾಸ್ತ್ರ. ಕನ್ನಡವೂ ಹಿಂದೆ ಬಿದ್ದಿರಲಿಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಗೋವೈದ್ಯ ಬರೆದ, ಅಭಿನವಚಂದ್ರ ಅಶ್ವವೈದ್ಯ ಬರೆದ. ಸೈನ್ಯಕ್ಕೆ ಬೇಕಾದ ಪ್ರಾಣಿ, ಉಳುಮೆಗೆ ಬೇಕಾದ ಪ್ರಾಣಿ, ಹಾಲು ಕೊಡುವ ಪ್ರಾಣಿ ಇವಕ್ಕೆ ಗ್ರಂಥ ಸಿಕ್ಕಿತು. ಕಣಜ ಕಾಯುವ ಬೆಕ್ಕಿಗೆ ಅಂಥ ಮಾನ ದಕ್ಕಲಿಲ್ಲ, ಸತ್ತರೆ ಪಕ್ಕದ ಮನೆಯಿಂದ ಇನ್ನೊಂದು ಮರಿ ತಂದರಾಯಿತು.

ಬೆಕ್ಕಿನ ಮರಿ ಎಷ್ಟು ಅಸಹಾಯಕ ಎಂಬುದನ್ನು ಚೆನ್ನಾಗಿ ಗಮನಿಸಿದವರು ವೈದ್ಯರಲ್ಲ, ವೇದಾಂತಿಗಳು. ಶ್ರೀವೈಷ್ಣವರಲ್ಲಿ ತೆಂಕಲೈ ಪಂಥದವರ ಮಾರ್ಜಾಲಕಿಶೋರ ನ್ಯಾಯ ಹೇಳುವುದು ಇದನ್ನೇ. ಕೋತಿಮರಿ ತಾನೇ ತಾಯಿಯ ಹೊಟ್ಟೆಗೆ ಅವಚಿಕೊಳ್ಳುತ್ತದೆ. ಬೆಕ್ಕಿನ ಮರಿ ಏನೂ ಮಾಡದು, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗಬೇಕು. ಜೀವ ಭಗವಂತನಿಗೆ ಶರಣಾಗುವ ಬಗೆಗೆ ಆಚಾರ್ಯರು ಕೊಟ್ಟ ಈ ದೃಷ್ಟಾಂತ ಪ್ರಾಣಿಶಾಸ್ತ್ರದ ದೃಷ್ಟಿಯಿಂದಲೂ ನೂರಕ್ಕೆ ನೂರು ಸರಿ. ಹುಟ್ಟಿದಾಗ ಮರಿಯ ತೂಕ 100 ಗ್ರಾಂ ಆಸುಪಾಸು. ಕಣ್ಣು ಬಿಡಲು ಒಂದರಿಂದ ಎರಡು ವಾರ. ತಾಯಿ ನೆಕ್ಕದಿದ್ದರೆ ಮಲಮೂತ್ರವೂ ಆಗದು. ಮೊದಲ ವಾರದಲ್ಲಿ ಚಳಿಗೆ ನಡುಗಿ ಮೈ ಕಾಯಿಸಿಕೊಳ್ಳುವುದೂ ಅದಕ್ಕೆ ಬಾರದು.

ಆ ಕಾವನ್ನು ಹಳೆಯ ಮನೆಗಳು ತಾವಾಗಿಯೇ ಒದಗಿಸುತ್ತಿದ್ದವು. ಮಲೆನಾಡಿನ ಬಚ್ಚಲುಮನೆಯಲ್ಲಿ ಹಂಡೆಯ ಒಲೆ ಮಳೆಗಾಲ ಪೂರ್ತಿ, ಚಳಿಗಾಲ ಪೂರ್ತಿ ಆರುತ್ತಲೇ ಇರಲಿಲ್ಲ. ಉರಿ ಇಳಿದ ಮೇಲೂ ಬೂದಿ ಬೆಳಗಿನ ತನಕ ಬೆಚ್ಚಗೆ. ಬೆಕ್ಕು ಅಲ್ಲೇ ಬಿದ್ದುಕೊಂಡು ಮೈಯೆಲ್ಲ ಬೂದಿ ಮಾಡಿಕೊಂಡು ಅಡುಗೆಮನೆಗೆ ಬಂದರೆ ಬೈಗಳು ತಿನ್ನುತ್ತಿತ್ತು. ಸೌದೆ ಅಟ್ಟದಲ್ಲೋ ಭತ್ತದ ಹುಲ್ಲಿನ ನಡುವೆಯೋ ಮರಿ ಹಾಕಿದರೂ ಅದು ತಾನೇ ಜಾಗ ಬದಲಾಯಿಸುತ್ತಿತ್ತು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತು ಆ ನಡವಳಿಕೆಯನ್ನು ಕಂಡೇ ಹುಟ್ಟಿದ್ದು. ತಾಯಿ ಸತ್ತ ಮರಿಗೆ ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸುವುದು, ಮನೆಯಲ್ಲಿ ಕೂಸಿನ ಒಳಲೆ ಇದ್ದರೆ ಅದರಿಂದಲೇ ಹನಿ ಬಿಡುವುದು, ಆಮೇಲಿನ ಕಾಲಕ್ಕೆ ಇಂಕ್ ಫಿಲ್ಲರ್. ಕಣ್ಣಿಗೆ ಪಿಸುರು ಕಟ್ಟಿದರೆ ಬೆಚ್ಚನೆ ನೀರಿನಲ್ಲಿ ಅದ್ದಿದ ಬಟ್ಟೆ. ಇಷ್ಟರ ಮೇಲೂ ಮರಿ ಉಳಿಯದಿದ್ದರೆ ಆಯುಷ್ಯ ಅಷ್ಟೇ ಎಂದು ತೆಂಗಿನ ಬುಡಕ್ಕೆ.

ಯುರೋಪಿನಲ್ಲಿ ಪಶುವೈದ್ಯ ಕಾಲೇಜುಗಳು ಎದ್ದಾಗಲೂ ಬೆಕ್ಕಿನ ಪಾಡು ಬದಲಾಗಲಿಲ್ಲ. ಕ್ಲೋದ್ ಬೂರ್ಜೆಲಾ 1761ರಲ್ಲಿ ಲಿಯೋನ್‌ನಲ್ಲಿ ಶುರುಮಾಡಿದ ಮೊದಲ ಕಾಲೇಜಿನ ಹಿಂದಿದ್ದದ್ದು ಕುದುರೆ ಮತ್ತು ಜಾನುವಾರು ಪಿಡುಗು. ಲಂಡನ್ನಿನ ಕಾಲೇಜು 1791ರಲ್ಲಿ ತೆರೆಯಿತು. ಅದರ ಮೊದಲ ಪ್ರಾಧ್ಯಾಪಕ ಸೇನ್‌ಬೆಲ್ ಹೆಸರು ಮಾಡಿದ್ದು ಎಕ್ಲಿಪ್ಸ್ ಎಂಬ ಹೆಸರಾಂತ ಜೂಜಿನ ಕುದುರೆಯ ಶವಪರೀಕ್ಷೆಯಿಂದ. ಕುದುರೆಗೆ ಕಾಲೇಜು ಕಟ್ಟಿಸಿದ ಅದೇ ಊರಿನಲ್ಲಿ ಬೆಕ್ಕಿಗೆ ಸಿಕ್ಕಿದ್ದು ಸತ್ತ ಕುದುರೆಯ ಮಾಂಸ. ಅದನ್ನು ಬೇಯಿಸಿ ಬೀದಿ ಬೀದಿ ಮಾರುವ ಕಸುಬೇ ಲಂಡನ್ನಿನಲ್ಲಿ ನಡೆಯುತ್ತಿತ್ತು. ಇಂಡಿಯಾದಲ್ಲೂ ಇದೇ ದಾರಿ. 1862ರಲ್ಲಿ ಪುಣೆಯಲ್ಲಿ ಸೈನ್ಯದ ಪಶುವೈದ್ಯ ಶಾಲೆ, 1886ರಲ್ಲಿ ಪರೇಲಿನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆಯ ಆವರಣದಲ್ಲಿ ಮುಂಬಯಿ ಕಾಲೇಜು. ಅಲ್ಲಿಗೆ ಬರುತ್ತಿದ್ದ ರೋಗಿಗಳು ಮುಖ್ಯವಾಗಿ ಗಾಡಿ ಎಳೆಯುವ ಎತ್ತು ಮತ್ತು ಕುದುರೆ.

ಬಡವರ ಬೆಕ್ಕಿಗೆ ಬಾಗಿಲು ತೆರೆದದ್ದು 1917ರ ನವೆಂಬರ್‌ನಲ್ಲಿ, ಯುದ್ಧದ ಚಳಿಗಾಲದಲ್ಲಿ. ಮಾರಿಯಾ ಡಿಕಿನ್ ಎಂಬಾಕೆ ಲಂಡನ್ನಿನ ಪೂರ್ವದ ವೈಟ್‌ಚಾಪೆಲ್ ಬಡಾವಣೆಯ ನೆಲಮಾಳಿಗೆಯೊಂದರಲ್ಲಿ ಪಿಡಿಎಸ್‌ಎ ಚಿಕಿತ್ಸಾಲಯ ಆರಂಭಿಸಿ, ಎಲ್ಲ ಪ್ರಾಣಿಗಳಿಗೂ ಉಚಿತ ಔಷಧ ಎಂದು ಬೋರ್ಡು ತಗುಲಿಸಿದಳು. ಸ್ವಲ್ಪ ಕಾಲದಲ್ಲೇ ಸಾಲು ಬೀದಿಯವರೆಗೂ ಬೆಳೆಯಿತು. ಪದವಿ ಪಡೆದ ಪಶುವೈದ್ಯರು ಮಾತ್ರ ಮುಖ ಸಿಂಡರಿಸಿದರು. ಡಿಕಿನ್‌ಳ ಕೆಲಸಗಾರರಲ್ಲಿ ಬಹುಮಂದಿಗೆ ಪದವಿ ಇರಲಿಲ್ಲ, ಜಗಳ ದಶಕಗಳ ಕಾಲ ನಡೆಯಿತು. ಎರಡೂ ಕಡೆ ನ್ಯಾಯವಿತ್ತು ಎನ್ನಬಹುದು. ಆದರೆ ಸೀನುತ್ತಿರುವ ಮರಿಯನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದ ಹುಡುಗಿಗೆ ಪದವೀಧರರ ಫೀಸು ಎಟುಕುವಂತಿರಲಿಲ್ಲ ಎಂಬುದೂ ನಿಜ.

ಕಾವಿನ ವಿಷಯಕ್ಕೆ ಬಂದರೆ, ಪಾಠ ಬಂದದ್ದು ಬೆಕ್ಕಿನ ಆಸ್ಪತ್ರೆಯಿಂದಲ್ಲ. ಪ್ಯಾರಿಸ್‌ನ ಹೆರಿಗೆ ವೈದ್ಯ ಸ್ಟೆಫಾನ್ ತಾರ್ನಿಯೆ 1878ರಲ್ಲಿ ಅಲ್ಲಿನ ಪ್ರಾಣಿ ಉದ್ಯಾನಕ್ಕೆ ಹೋಗಿದ್ದಾಗ ಮೊಟ್ಟೆ ಮರಿ ಮಾಡುವ ಕಾವುಪೆಟ್ಟಿಗೆ ಕಂಡ. ಅದನ್ನು ಮಾಡಿದ್ದ ಒದಿಲ್ ಮಾರ್ತೆನ್‌ನಿಂದಲೇ ಮನುಷ್ಯರ ಕೂಸಿಗೊಂದು ಪೆಟ್ಟಿಗೆ ಮಾಡಿಸಿದ. 1880ರಲ್ಲಿ ಅದು ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಶುರುಮಾಡಿತು. 2000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಸಾವಿನ ಪ್ರಮಾಣ ಶೇ 66ರಿಂದ ಶೇ 38ಕ್ಕೆ ಇಳಿಯಿತೆಂದು ವರದಿಯಾಯಿತು. ಪೆಟ್ಟಿಗೆಯನ್ನು ಬಿಸಿನೀರಿನ ಬಾಟಲಿಗಳಿಂದ ಕಾಯಿಸುವ ಸರಳ ಮಾದರಿಯೂ ಬೇಗನೆ ಬಂತು. ಕೋಳಿಮರಿಯಿಂದ ಕೂಸಿಗೆ ಹೋದ ಆ ತಂತ್ರ ತಿರುಗಿ ಬೆಕ್ಕಿನ ಮರಿಗೆ ಬರಲು ಬಹಳ ಕಾಲ ಹಿಡಿಯಿತು.

ಎರಡು ಡಿಗ್ರಿ ಹೆಚ್ಚುಕಡಿಮೆಯಾದರೆ ಏನು ಮಹಾ ಎಂದು ಆಮೇಲೂ ಎಷ್ಟೋ ಜನ ಅಂದುಕೊಂಡಿದ್ದರು. 1958ರಲ್ಲಿ ನ್ಯೂಯಾರ್ಕಿನ ವಿಲಿಯಂ ಸಿಲ್ವರ್‌ಮನ್ ತಂಡ ಅವಧಿಗೆ ಮುನ್ನ ಹುಟ್ಟಿದ ಕೂಸುಗಳನ್ನು ಎರಡು ಗುಂಪು ಮಾಡಿ, ಒಂದರ ಪೆಟ್ಟಿಗೆಯನ್ನು ಇನ್ನೊಂದಕ್ಕಿಂತ ಸುಮಾರು 2 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿಟ್ಟು ನೋಡಿತು. ಬೆಚ್ಚಗಿದ್ದವರಲ್ಲಿ ಬದುಕಿದವರು ಸ್ಪಷ್ಟವಾಗಿ ಹೆಚ್ಚು. ಕೆಲವು ವರ್ಷದ ನಂತರ ಆಕ್ಸ್‌ಫರ್ಡಿನಲ್ಲಿ ಡಾಕಿನ್ಸ್ ಮತ್ತು ಹಲ್, ಆಗಷ್ಟೇ ಹುಟ್ಟಿದ ಮೊಲದ ಮರಿಗಳ ಕತ್ತಿನ ಬಳಿಯ ಕಂದು ಕೊಬ್ಬು ನಡುಕವಿಲ್ಲದೆ ಮೈ ಕಾಯಿಸುತ್ತದೆಂದು ತೋರಿಸಿದರು. ಬೆಕ್ಕಿನ ಮರಿಗೂ ಈ ಕೊಬ್ಬಿದೆ. ಆದರೆ ಅದನ್ನು ಉರಿಸಲು ಹೊಟ್ಟೆಗೆ ಹಾಲು ಬೇಕು. ಹಸಿದ ಮರಿಯ ದಾಸ್ತಾನು ಬೇಗ ಮುಗಿಯುತ್ತದೆ.

ಇಲ್ಲೇ ಮನೆಯವರು ಎಡವುತ್ತಿದ್ದದ್ದು. ತಣ್ಣಗಾದ ಮರಿಯನ್ನು ಕಂಡೊಡನೆ ಮೊದಲು ಹಾಲು ಕುಡಿಸುವುದು ಯಾರಿಗಾದರೂ ತೋಚುವ ಕೆಲಸ. ಮೈ 35 ಡಿಗ್ರಿಗಿಂತ ಕೆಳಗಿಳಿದ ಮರಿಯ ಕರುಳು ಚಲಿಸುವುದನ್ನೇ ನಿಲ್ಲಿಸಿರುತ್ತದೆ, ಎದೆಬಡಿತ ಕುಗ್ಗಿರುತ್ತದೆ, ನುಂಗುವ ಶಕ್ತಿಯೂ ಸೊರಗಿರುತ್ತದೆ. ಹೊಟ್ಟೆ ಸೇರಿದ ಹಾಲು ಅಲ್ಲೇ ಹುಳಿಯುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಪ್ರೀತಿಯಿಂದ ಕುಡಿಸಿದ ಆ ಎರಡು ಚಮಚವೇ ಮರಿಯನ್ನು ಮುಗಿಸುತ್ತಿತ್ತು. ತಾಯಿಬೆಕ್ಕು ತಣ್ಣಗಾದ ಮರಿಯನ್ನು ಪಕ್ಕಕ್ಕೆ ತಳ್ಳುವುದೂ ಉಂಟು. ಮನುಷ್ಯರು ಮುಟ್ಟಿದ್ದಕ್ಕೆ ಬಿಟ್ಟಿತು ಎಂದು ಮನೆಯ ಹುಡುಗರ ಮೇಲೆ ಗೂಬೆ ಕೂರುತ್ತಿತ್ತು. ಈಗಿನ ಕ್ರಮ ಹೀಗಿದೆ: ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯಿಂದ, ಮೈಯ ಕಾವಿನಿಂದ, ಅವಸರವಿಲ್ಲದೆ ಬೆಚ್ಚಗೆ ಮಾಡುವುದು. ಒಸಡಿಗೆ ಒಂದಿಷ್ಟು ಸಕ್ಕರೆ ನೀರು ಸವರುವುದು. ಮೈ ಬಿಸಿಯೇರಿ ಮರಿ ಬಾಯಿ ಆಡಿಸತೊಡಗಿದ ಮೇಲೆಯೇ ಹಾಲು, ಅದೂ ಅಂಗಾತ ಮಲಗಿಸದೆ ಬೋರಲಾಗಿ ಹಿಡಿದು. ಮೊದಲ ವಾರ ಡಬ್ಬದೊಳಗೆ 30 ಡಿಗ್ರಿಯ ಆಸುಪಾಸು ಇರಬೇಕು; ಆದರೆ ಅರ್ಧ ಭಾಗ ಮಾತ್ರ. ಇನ್ನರ್ಧ ತಂಪಾಗಿದ್ದರೆ ಸೆಕೆಯಾದ ಮರಿ ತಾನೇ ತೆವಳಿ ಹೋಗುತ್ತದೆ. ಹಂಡೆಯ ಒಲೆಯ ಸುತ್ತ ಇದ್ದದ್ದೂ ಹೀಗೆಯೇ, ಒಂದು ಮಗ್ಗುಲು ಬಿಸಿ, ಇನ್ನೊಂದು ಕಡೆ ತಣ್ಣನೆಯ ನೆಲ. ಅಷ್ಟರ ಮಟ್ಟಿಗೆ ಅಜ್ಜಿಯರು ಪಾಸು.

ಫೇಲಾದದ್ದು ಹಾಲಿನಲ್ಲಿ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿಗಿಂತ ಸುಮಾರು ಎರಡು ಪಟ್ಟು. ಹಸುವಿನ ಹಾಲಿನಿಂದ ಮರಿಗೆ ಭೇದಿ ಹತ್ತುತ್ತದೆ, ಚಳಿಯಲ್ಲಿ ಮೈಯ ನೀರೂ ಕಾವೂ ಒಟ್ಟಿಗೆ ಹೋಗುತ್ತವೆ. ನೀರು ಬೆರೆಸಿ ತೆಳು ಮಾಡಿದರೆ ಇನ್ನೂ ಕಷ್ಟ, ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ದಿನಕ್ಕೆ 10ರಿಂದ 15 ಗ್ರಾಂ ಹೆಚ್ಚಬೇಕಾದ ತೂಕ ನಿಂತಲ್ಲೇ ನಿಲ್ಲುತ್ತದೆ. ತಾಯಿಯ ಮೊದಲ ಹಾಲಿಗಂತೂ ಬದಲಿಯೇ ಇಲ್ಲ; ಅದರಲ್ಲಿನ ರೋಗನಿರೋಧಕ ಅಂಶಗಳನ್ನು ಮರಿಯ ಕರುಳು ಹೀರಿಕೊಳ್ಳುವುದು ಹುಟ್ಟಿದ ಸುಮಾರು 16 ಗಂಟೆಯವರೆಗೆ ಮಾತ್ರ. ಬೆಕ್ಕಿನ ಆಹಾರದ ಲೆಕ್ಕ ತಜ್ಞರಿಗೂ ಪೂರ್ತಿ ಸಿಕ್ಕಿರಲಿಲ್ಲ ಎನ್ನುವುದಕ್ಕೆ 1987 ಸಾಕ್ಷಿ. ಕ್ಯಾಲಿಫೋರ್ನಿಯಾದ ಪಾಲ್ ಪಯನ್ ಮತ್ತು ಸಂಗಡಿಗರು ಟೌರಿನ್ ಎಂಬ ಒಂದೇ ಅಂಶದ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆಂದು ಕಂಡುಹಿಡಿದದ್ದು ಆ ವರ್ಷ. ಅಲ್ಲಿಯತನಕ ಕಂಪನಿಗಳ ಡಬ್ಬದ ಆಹಾರ ತಿಂದೇ ಎಷ್ಟೋ ಬೆಕ್ಕುಗಳು ಸತ್ತಿದ್ದವು.

ಔಷಧದ ಕತೆ ಇನ್ನೂ ಕಹಿ. ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಒಡೆದು ಹೊರಹಾಕುವ ಕಿಣ್ವದ ಜೀನ್ ಬೆಕ್ಕಿನ ವಂಶದಲ್ಲಿ ಕೆಲಸ ಬಿಟ್ಟಿದೆ. ನೆಲ ಒರೆಸುವ ಫಿನಾಯಿಲ್ ಬಗೆಯ ದ್ರಾವಣಗಳೂ ಅದಕ್ಕೆ ಆಗದು. ಕಾಯಿಲೆ ಮರಿಯ ಮೂಲೆಯನ್ನು ಶುಚಿಮಾಡುವ ಉತ್ಸಾಹದಲ್ಲಿ ಫಿನಾಯಿಲ್ ಸುರಿದರೆ ಮರಿ ಅದನ್ನು ಪಾದದಿಂದ ನೆಕ್ಕಿಕೊಳ್ಳುತ್ತದೆ.

ಮರಿಗಳನ್ನು ಗುಂಪುಗುಂಪಾಗಿ ಒಯ್ಯುತ್ತಿದ್ದ ವಾಂತಿಭೇದಿಗೆ ಯಾರೋ ವಿಷ ಹಾಕಿದ್ದಾರೆ ಎಂದೇ ಬಹುಕಾಲ ನಂಬಿದ್ದರು. ನೆರೆಹೊರೆಯಲ್ಲಿ ಜಗಳಗಳೂ ಆಗಿರಬೇಕು. 1928ರಲ್ಲಿ ಫ್ರಾನ್ಸಿನ ವೆರ್ಜ್ ಮತ್ತು ಕ್ರಿಸ್ಟೊಫೊರೋನಿ ಅದು ವೈರಸ್ ಎಂದು ತೋರಿಸಿದರು. ಇಂದು ಅದರ ಹೆಸರು ಪ್ಯಾನ್‌ಲ್ಯೂಕೋಪೀನಿಯಾ. 1930ರ ದಶಕದಲ್ಲೇ ಲಸಿಕೆ ಬಂತು. ಸೀನು, ಪಿಸುರು, ಕಟ್ಟಿದ ಮೂಗಿನ ಹಿಂದಿದ್ದ ಎರಡು ವೈರಸ್‌ಗಳು ಸಿಕ್ಕಿದ್ದು 1957 ಮತ್ತು 1958ರಲ್ಲಿ, ಒಂದು ನ್ಯೂಜಿಲೆಂಡಿನಲ್ಲಿ, ಇನ್ನೊಂದು ಅಮೆರಿಕದಲ್ಲಿ. ಎರಡನೆಯದು ಹರ್ಪಿಸ್ ಜಾತಿಯದು; ಒಮ್ಮೆ ಹೊಕ್ಕರೆ ಬೆಕ್ಕಿನ ಮೈಯಲ್ಲಿ ಜೀವಮಾನವಿಡೀ ಅಡಗಿದ್ದು ಬಾಣಂತನದಂಥ ಒತ್ತಡದಲ್ಲಿ ತಲೆಯೆತ್ತುತ್ತದೆ. ಹೀಗಾಗಿ ಆರೋಗ್ಯವಾಗಿಯೇ ಕಾಣುವ ತಾಯಿಯಿಂದ ಮರಿಗೆ ತಗುಲುತ್ತದೆ. ಚಳಿಯಿಂದ ಶೀತ ಆಯಿತು ಎನ್ನುವವರು ಅರ್ಧ ಸರಿ. ಚಳಿ ರೋಗ ತರುವುದಿಲ್ಲ, ಬಂದ ರೋಗಕ್ಕೆ ಮರಿ ಸೋಲುವಂತೆ ಮಾಡುತ್ತದೆ. ಮೂಗು ಕಟ್ಟಿದರೆ ವಾಸನೆ ಇಲ್ಲ. ವಾಸನೆ ಇಲ್ಲದೆ ಬೆಕ್ಕು ಬಾಯಿ ಹಾಕುವುದಿಲ್ಲ.

1978ರ ಸುಮಾರಿಗೆ ಪ್ಯಾನ್‌ಲ್ಯೂಕೋಪೀನಿಯಾದ ಸಂಬಂಧಿ ವೈರಸ್ಸೊಂದು ನಾಯಿಗಳಿಗೆ ಅಂಟಿ ದೇಶದೇಶಗಳಲ್ಲಿ ನಾಯಿಮರಿಗಳನ್ನು ಕೊಂದಿತು. ನಾಯಿಯ ಲಸಿಕೆ ಸಿದ್ಧವಾಗುವ ತನಕ ವೈದ್ಯರು ಬೆಕ್ಕಿನ ಲಸಿಕೆಯನ್ನೇ ನಾಯಿಗೆ ಚುಚ್ಚಿದರು. ಈಗ ಲೆಕ್ಕ ತಿರುಗಿದೆ. ಎಷ್ಟೋ ಚಿಕಿತ್ಸಾಲಯಗಳಲ್ಲಿ ಬೆಕ್ಕಿನ ಮರಿಯ ಭೇದಿಯನ್ನು ಪರೀಕ್ಷಿಸುವುದು ನಾಯಿಯ ಪಾರ್ವೊ ಕಿಟ್‌ನಲ್ಲಿ.

ಬೆಂಗಳೂರಿನ ಅತಿ ಕಡಿಮೆ ತಾಪಮಾನದ ದಾಖಲೆ 1884ರ ಜನವರಿ 13ರದ್ದು, 7.8 ಡಿಗ್ರಿ. ಆಗ ಊರಿನ ಬೆಕ್ಕುಗಳಿಗೆ ಒಲೆಗಳಿದ್ದವು. ಹೆಬ್ಬಾಳದ ಪಶುವೈದ್ಯ ಕಾಲೇಜು 1958ರಲ್ಲಿ ಬಂದಾಗಲೂ ಗಮನವೆಲ್ಲ ದನ, ಕುರಿ, ಕೋಳಿಯ ಮೇಲೆ. ಹಳ್ಳಿಗಳ ನಾಡಿನಲ್ಲಿ ಅದು ಸಹಜವೂ ಹೌದು. ಬೀದಿಯ ಪ್ರಾಣಿಗಳ ಹೊಣೆ ಹೊತ್ತ ಕ್ಯೂಪಾ ಸಂಸ್ಥೆ 1991ರಲ್ಲಿ ಹುಟ್ಟಿತು. ಅದನ್ನು ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಅದಕ್ಕೆ ಮುಂಚೆ ದೆಹಲಿ, ಜೈಪುರಗಳಲ್ಲಿ ಇದೇ ಕೆಲಸ ಮಾಡಿ ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದವರು. ಅಷ್ಟರಲ್ಲಿ ಮನೆಗಳಿಗೆ ಗ್ಯಾಸ್ ಬಂದು, ಗೀಸರ್ ಬಂದು, ಹಂಡೆ ಗುಜರಿಗೆ ಹೋಗಿತ್ತು. ಬೀದಿಬೆಕ್ಕು ಕಾವು ಹುಡುಕಿಕೊಂಡು ಈಗ ನಿಲ್ಲಿಸಿದ ಕಾರಿನ ಎಂಜಿನ್ ಸಂದಿಗೆ ನುಗ್ಗುತ್ತದೆ.

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 2009ರಲ್ಲಿ ಹಗಲೂ ರಾತ್ರಿ ನಡೆಯುವ ಬೆಕ್ಕಿನ ಮರಿಗಳ ಆರೈಕೆ ಕೇಂದ್ರ ತೆರೆಯಿತು. ಕಾವುಪೆಟ್ಟಿಗೆ, ತಕ್ಕಡಿ, ಎರಡು ಮೂರು ಗಂಟೆಗೊಮ್ಮೆ ಬಾಟಲಿ. ಅಲ್ಲಿನ ಕೆಲಸ ವಸಂತದಲ್ಲಿ ಏರಿ ಚಳಿಗಾಲಕ್ಕೆ ಇಳಿಯುತ್ತದೆ. ಬೆಕ್ಕು ಬೆದೆಗೆ ಬರುವುದು ಹಗಲಿನ ಉದ್ದ ನೋಡಿಕೊಂಡು; ಉತ್ತರದ ದೇಶಗಳಲ್ಲಿ ಡಿಸೆಂಬರಿನ ಹಗಲು ಅದಕ್ಕೆ ಸಾಲದು. ಲಂಡನ್ನಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಎಂಟೂಮುಕ್ಕಾಲು ಗಂಟೆಯ ಅಂತರ, ಬೆಂಗಳೂರಿನಲ್ಲಿ ಒಂದೂವರೆ ಗಂಟೆ. ಹಾಗಾಗಿ ಇಲ್ಲಿ ಆಷಾಢದ ಗಾಳಿಯಲ್ಲೂ ಮರಿ ಹುಟ್ಟುತ್ತವೆ, ಧನುರ್ಮಾಸದ ಇಬ್ಬನಿಯಲ್ಲೂ ಹುಟ್ಟುತ್ತವೆ. ಅವುಗಳಲ್ಲಿ ಕೆಲವು ಬಾಡಿಗೆ ಮನೆಯೊಂದರ ಬಚ್ಚಲಲ್ಲಿ, ಆನ್‌ಲೈನ್ ಪಾರ್ಸೆಲ್ ಬಂದ ರಟ್ಟಿನ ಡಬ್ಬದಲ್ಲಿ, ಹಳೆಯ ಪಂಚೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕ ಮಲಗಿರುತ್ತವೆ. ಮನೆಯಾತನಿಗೆ ರಾತ್ರಿ ಎರಡಕ್ಕೊಂದು ಅಲಾರಂ, ಐದಕ್ಕೊಂದು.